ಕೊಡಗಿನಲ್ಲಿ ರಾಕೆಟ್ ಹಾರಿಸುವುದಾದರೆ: ಯಾವ ಗದ್ದೆ, ಯಾವ ಕೊಳವೆ, ಯಾವ ಮೋಟಾರ್?

ಮಾಡೆಲ್ ರಾಕೆಟ್ ಮಾಡಬೇಕು ಅಂತ ಹೊರಟವರು ಮೊದಲು ಕೇಳುವುದು ಒಂದೇ ಪ್ರಶ್ನೆ. ಯಾವ ಮೋಟಾರ್ (ರಾಕೆಟನ್ನು ನೂಕುವ ಮದ್ದು ತುಂಬಿದ ಕೊಳವೆ) ಹಾಕಿದರೆ ಎಷ್ಟು ಎತ್ತರ ಹೋಗುತ್ತದೆ? ಬಯಲುಸೀಮೆಯಲ್ಲಿ ಈ ಪ್ರಶ್ನೆಯಿಂದ ಶುರು ಮಾಡಿದರೂ ನಡೆಯುತ್ತದೆ. ಅಲ್ಲಿ ರಾಕೆಟ್ ಎಲ್ಲಿ ಇಳಿದರೂ ದೂರದಿಂದ ಕಾಣುತ್ತದೆ, ನಡೆದುಕೊಂಡು ಹೋಗಿ ತರಬಹುದು. ಕೊಡಗಿನಲ್ಲಿ ಹಾಗಲ್ಲ. ಗದ್ದೆ ಮುಗಿದ ಕೂಡಲೇ ತೋಟ. ತೋಟದಲ್ಲಿ ಕೆಳಗೆ ಕಾಫಿ, ಮೇಲೆ ಸಿಲ್ವರ್ ಓಕ್, ಅದರ ಮೈತುಂಬ ಕಾಳುಮೆಣಸಿನ ಬಳ್ಳಿ. ರಾಕೆಟ್ ಅದರೊಳಗೆ ಹೋಯಿತು ಅಂದರೆ ಮುಂದಿನ ಕೊಯ್ಲಿನವರೆಗೂ ಸಿಗದೇ ಇರಬಹುದು.

ಹಾಗಾಗಿ ಇಲ್ಲಿ ಆಯ್ಕೆಯ ಕ್ರಮವನ್ನೇ ತಿರುಗಿಸಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮೊದಲು ಜಾಗ. ಆಮೇಲೆ ಪ್ಯಾರಾಚೂಟ್. ಅದಾದ ಮೇಲೆ ರಾಕೆಟ್‌ನ ಗಾತ್ರ. ಮೋಟಾರ್ ಕೊನೆಗೆ. ಈ ಕ್ರಮದಲ್ಲಿ ಹೋದರೆ ಉಳಿದ ಪ್ರಶ್ನೆಗಳಿಗೆ ಉತ್ತರ ತಾನಾಗಿ ಸಿಗುತ್ತಾ ಹೋಗುತ್ತದೆ.

ಹೊಸಬರಿಗೆ ಒಂದು ವಿವರ. ಮೋಟಾರ್‌ಗಳಿಗೆ ಎ, ಬಿ, ಸಿ ಅಂತ ಅಕ್ಷರ ಇರುತ್ತದೆ. ಒಂದೊಂದು ಅಕ್ಷರ ದಾಟಿದಾಗಲೂ ಒಟ್ಟು ಶಕ್ತಿಯ, ಅಂದರೆ ನೂಕುವ ಬಲವನ್ನು ನೂಕುವ ಸಮಯದಿಂದ ಗುಣಿಸಿದ್ದರ, ಮಿತಿ ದುಪ್ಪಟ್ಟಾಗುತ್ತದೆ. ಡಿ ಅಂದರೆ 10ರಿಂದ 20 ನ್ಯೂಟನ್-ಸೆಕೆಂಡ್, ಇ ಅಂದರೆ 20ರಿಂದ 40, ಎಫ್ 40ರಿಂದ 80, ಜಿ 80ರಿಂದ 160. ಇ, ಎಫ್, ಜಿ ಈ ಮೂರನ್ನು ಮಿಡ್ ಪವರ್ ಅನ್ನುತ್ತಾರೆ. ಇದರ ಸುರಕ್ಷತಾ ನಿಯಮಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಅಮೆರಿಕದ ನ್ಯಾಷನಲ್ ಅಸೋಸಿಯೇಷನ್ ಆಫ್ ರಾಕೆಟ್ರಿಯದು. 1957ರಲ್ಲಿ ಶುರುವಾದ ಸಂಘ ಅದು. ಅದರ ಪ್ರಕಾರ ಮಾಡೆಲ್ ರಾಕೆಟ್ 1500 ಗ್ರಾಂ ಮೀರಬಾರದು, ಇಂಧನ 125 ಗ್ರಾಂ ಮೀರಬಾರದು. ಮುಂದೆ ನಾನು ಹೇಳುವ ದೂರ, ಅಳತೆಗಳು ಬಹುಪಾಲು ಅಲ್ಲಿಂದಲೇ ಬಂದವು.

ಜಾಗ: ಗದ್ದೆ, ಮೈದಾನ, ಬೆಟ್ಟ

ಇ ಯಿಂದ ಜಿ ವರೆಗಿನ ಮೋಟಾರ್‌ಗೆ ಕನಿಷ್ಠ 1000 ಅಡಿ ಜಾಗ ಬೇಕು, ಅಂದರೆ ಸುಮಾರು 300 ಮೀಟರ್. ಇದು ಉದ್ದದ ಅಳತೆ ಅಲ್ಲ, ಚಿಕ್ಕ ಬದಿಯ ಅಳತೆ. ನಮ್ಮ ಕಷ್ಟ ಇರುವುದೇ ಇಲ್ಲಿ. ಕೊಡಗಿನ ಗದ್ದೆ ಎರಡು ಗುಡ್ಡದ ನಡುವೆ ಹಾವಿನ ಹಾಗೆ ಉದ್ದಕ್ಕೆ ಹೋಗುತ್ತದೆ. ಉದ್ದ ಒಂದು ಕಿಲೋಮೀಟರ್ ಇದ್ದರೂ ಅಗಲ ನೂರು ಮೀಟರ್ ಇರುವುದೂ ಅಪರೂಪ.

ಹಾಗಾದರೆ ಹಾಕಿ ಮೈದಾನ? ಊರೂರಿಗೂ ಮೈದಾನ ಇದೆ, ನೆಲ ಸಮತಟ್ಟಾಗಿದೆ, ಕೇಳಿದರೆ ಕೊಡುವವರೂ ಇದ್ದಾರೆ. ಆದರೆ ಹಾಕಿ ಮೈದಾನದ ಅಳತೆ 91.4 ಮೀಟರ್ ಉದ್ದ, 55 ಮೀಟರ್ ಅಗಲ. ಸುತ್ತಲಿನ ಜಾಗ ಸೇರಿಸಿದರೂ ಮಿಡ್ ಪವರ್‌ಗೆ ಸಾಲುವುದಿಲ್ಲ. ಪಕ್ಕದಲ್ಲಿ ರಸ್ತೆ, ಮನೆ, ವಿದ್ಯುತ್ ತಂತಿ ಬೇರೆ. ಮೈದಾನವನ್ನು ನೀರಿನ ರಾಕೆಟ್‌ಗೆ ಇಟ್ಟುಕೊಳ್ಳಿ.

ಬೆಟ್ಟದ ತುದಿಯ ಹುಲ್ಲುಗಾವಲು ನೋಡಿದಾಗ ಮನಸ್ಸು ಅಲ್ಲಿಗೆ ಹೋಗುತ್ತದೆ. ತಡಿಯಂಡಮೋಳ್ ಕಡೆ, ಮಾಂದಲಪಟ್ಟಿ ಕಡೆ ಆಕಾಶ ಪೂರ್ತಿ ತೆರೆದಿರುತ್ತದೆ. ಆದರೂ ಬೇಡ. ಅದು ಅರಣ್ಯ ಇಲಾಖೆಯ ಜಾಗ, ಗಾಳಿ ಜೋರು, ಫೆಬ್ರವರಿ ದಾಟಿದರೆ ಹುಲ್ಲು ಒಣಗಿ ಕಿಡಿಗೆ ಕಾದಿರುತ್ತದೆ. ಒಂದು ಕಿಡಿಯಿಂದ ಇಡೀ ಬೆಟ್ಟ ಸುಟ್ಟರೆ ಆ ಹಾನಿ ತುಂಬಿಕೊಡಲು ಯಾರಿಂದಲೂ ಆಗುವುದಿಲ್ಲ. ಮನೆಯ ಬಾಣೆ ಜಾಗದಲ್ಲಿ (ಗದ್ದೆಗೆ ಸೇರಿದ ಗುಡ್ಡದ ಜಮೀನು) ಹುಲ್ಲು ಉಳಿದಿದ್ದರೆ ಪರವಾಗಿಲ್ಲ, ಆದರೆ ಈಗ ಹೆಚ್ಚಿನ ಬಾಣೆಯಲ್ಲಿ ಕಾಫಿ ಬಂದಿದೆ.

ಉಳಿಯುವುದು ಎರಡು. ಒಂದು, ಕುಶಾಲನಗರದ ಕಡೆಯ ಬಯಲು. ಅಲ್ಲಿ ಮಳೆ ಕಡಿಮೆ, ಗುಡ್ಡ ಕಡಿಮೆ, ಹೊಲಗಳು ಅಗಲ. ಎಫ್ ಮೋಟಾರ್ ಹಾರಿಸಬೇಕು ಅನ್ನುವವರು ಮಡಿಕೇರಿ, ವಿರಾಜಪೇಟೆ ಕಡೆ ಇದ್ದರೂ ಗಾಡಿ ಮಾಡಿಕೊಂಡು ಆ ಕಡೆ ಹೋಗುವುದೇ ಲೇಸು. ಎರಡು, ನಿಮ್ಮೂರಲ್ಲೇ ಹತ್ತಾರು ಮನೆಯ ಗದ್ದೆ ಒಂದಕ್ಕೊಂದು ಸೇರಿಕೊಂಡು ಅಗಲವಾಗಿರುವ ಜಾಗ. ಅಳೆದು ನೋಡಿ. ಚಿಕ್ಕ ಬದಿ 300 ಮೀಟರ್ ಇಲ್ಲ, 150 ಮೀಟರ್ ಮಾತ್ರ ಇದೆ ಅಂದರೆ ಆ ಜಾಗ ಡಿ ಮೋಟಾರ್‌ನದು. ಅದಕ್ಕೆ ತಕ್ಕಂತೆ ಇಳಿಯಬೇಕು. ಸ್ವಲ್ಪ ಗಾಳಿ ಇಲ್ಲದ ದಿನ ನೋಡಿ ಎಫ್ ಹಾಕೋಣ ಅನ್ನುವ ಲೆಕ್ಕ ಬೇಡ.

ಕಾಲದ ಆಯ್ಕೆಯೂ ಜಾಗದ ಜೊತೆಗೇ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಆಮೇಲೆ ಪೈರು ನಿಂತಿರುತ್ತದೆ. ಸುಗ್ಗಿಯ ಹಬ್ಬ ಪುತ್ತರಿ ಕಳೆದು, ಕುಯಿಲು ಮುಗಿದು, ಹುಲ್ಲು ಸಾಗಿಸಿದ ಮೇಲೆ ಗದ್ದೆ ಖಾಲಿ. ಜನವರಿಯಲ್ಲಿ ಕೂಳೆಯ ಬುಡದಲ್ಲಿ ಇನ್ನೂ ತೇವ ಇರುತ್ತದೆ, ನೆಲವೂ ತೀರಾ ಗಟ್ಟಿಯಾಗಿರುವುದಿಲ್ಲ. ನನಗೆ ಅದೇ ಸರಿಯಾದ ಕಾಲ. ಬೆಳಿಗ್ಗೆ ಮಂಜು ಕರಗಿ ಆಕಾಶ ತಿಳಿಯಾದ ಮೇಲೆ ಶುರು ಮಾಡಿ, ಮಧ್ಯಾಹ್ನದ ಗಾಳಿ ಏಳುವ ಮುಂಚೆ ಮುಗಿಸಿಬಿಡಬೇಕು. ಮೋಡದೊಳಕ್ಕೆ, ಮಂಜಿನೊಳಕ್ಕೆ ಹಾರಿಸುವ ಹಾಗೇ ಇಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಂದು ನೆಲ ನೆನೆದ ಮೇಲೆ ಇನ್ನೊಂದು ಅವಕಾಶ ಸಿಗುತ್ತದೆ. ಆಗ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು ಇರುವುದರಿಂದ ಬೆಳಗಿನ ಹೊತ್ತೇ ಗಟ್ಟಿ.

ಇಳಿಯುವ ಬಗೆ: ರಿಬ್ಬನ್, ಪ್ಲಾಸ್ಟಿಕ್, ಕೊಡೆ ಬಟ್ಟೆ

ರಿಬ್ಬನ್, ಅಂದರೆ ಉದ್ದನೆಯ ಪಟ್ಟಿ ಕಟ್ಟಿ ಇಳಿಸುವುದು, ಸಣ್ಣ ರಾಕೆಟ್‌ಗೆ ಚೆನ್ನ. ಬೇಗ ಇಳಿಯುತ್ತದೆ, ಗಾಳಿಗೆ ಜಾಸ್ತಿ ದೂರ ಹೋಗುವುದಿಲ್ಲ. ಆದರೆ ಅರ್ಧ ಕಿಲೋ ರಾಕೆಟ್ ರಿಬ್ಬನ್ ಕಟ್ಟಿಕೊಂಡು ಇಳಿದರೆ ರೆಕ್ಕೆ ಮುರಿಯುವುದು ಖಂಡಿತ. ಕೆಳಗೆ ಯಾರಾದರೂ ಇದ್ದರೆ ಅವರಿಗೂ ಅಪಾಯ. ಮಿಡ್ ಪವರ್‌ಗೆ ಪ್ಯಾರಾಚೂಟೇ ಬೇಕು.

ಎಷ್ಟು ದೊಡ್ಡದು? ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಇಳಿಯುವುದು ಸಾಮಾನ್ಯ ಗುರಿ. ಅಂದರೆ ರಾಕೆಟನ್ನು ಒಂದೂಕಾಲು ಮೀಟರ್ ಎತ್ತರದಿಂದ ಕೈಬಿಟ್ಟರೆ ಎಷ್ಟು ಪೆಟ್ಟೋ ಅಷ್ಟು ಪೆಟ್ಟು. 550 ಗ್ರಾಂ ರಾಕೆಟ್‌ಗೆ, ಚಪ್ಪಟೆ ಹಾಳೆಯಿಂದ ಕತ್ತರಿಸಿದ ಪ್ಯಾರಾಚೂಟ್ ಆದರೆ, ಸುಮಾರು 80 ಸೆಂಟಿಮೀಟರ್ ಅಗಲ ಬೇಕಾಗುತ್ತದೆ. ಮಡಿಕೇರಿ 1100 ಮೀಟರ್‌ಗೂ ಎತ್ತರದಲ್ಲಿದೆ, ಗಾಳಿ ಸಮುದ್ರಮಟ್ಟಕ್ಕಿಂತ ಸುಮಾರು ಹತ್ತನೇ ಒಂದು ಪಾಲು ತೆಳು. ಆ ಲೆಕ್ಕ ಇದರಲ್ಲಿ ಸೇರಿದೆ.

ಇನ್ನು ಗಾಳಿಯ ಲೆಕ್ಕ. 200 ಮೀಟರ್ ಮೇಲಿಂದ ಸೆಕೆಂಡಿಗೆ 5 ಮೀಟರ್‌ನಂತೆ ಇಳಿಯಲು 40 ಸೆಕೆಂಡ್. ಸೆಕೆಂಡಿಗೆ 3 ಮೀಟರ್ ಗಾಳಿ ಇದೆ ಅಂದುಕೊಳ್ಳಿ, ಎಲೆ ಅಲುಗುವಷ್ಟು ಮಾತ್ರ. ರಾಕೆಟ್ 120 ಮೀಟರ್ ಪಕ್ಕಕ್ಕೆ ಹೋಗಿರುತ್ತದೆ. 500 ಮೀಟರ್ ಮೇಲಿಂದಾದರೆ 300 ಮೀಟರ್. ಮೊದಲನೆಯದು ಗದ್ದೆಯಲ್ಲಿ ಇಳಿಯುತ್ತದೆ, ಎರಡನೆಯದು ಪಕ್ಕದ ತೋಟದೊಳಗೆ. ಈ ಒಂದು ಲೆಕ್ಕ ಮನಸ್ಸಿನಲ್ಲಿ ಇಟ್ಟುಕೊಂಡರೆ ಸಾಕು, ಮುಂದಿನ ಆಯ್ಕೆಗಳೆಲ್ಲ ಇದರ ಮೇಲೇ ನಿಂತಿವೆ.

ಮೆತ್ತಗಿನ ಗದ್ದೆ ನೆಲಕ್ಕೆ ಸ್ವಲ್ಪ ಜೋರಾಗಿ ಇಳಿದರೂ ತೊಂದರೆ ಇಲ್ಲ. ಪ್ಯಾರಾಚೂಟ್ 65 ಸೆಂಟಿಮೀಟರ್‌ಗೆ ಇಳಿಸಿದರೆ ವೇಗ ಸೆಕೆಂಡಿಗೆ ಆರು ಮೀಟರ್ ದಾಟುತ್ತದೆ, ಗಾಳಿಗೆ ತೇಲುವ ದೂರ ಐದನೇ ಒಂದು ಪಾಲು ಕಡಿಮೆಯಾಗುತ್ತದೆ. ನಡುವೆ ಒಂದು ತೂತು ಮಾಡಿದರೆ ತೂಗಾಡುವುದೂ ನಿಲ್ಲುತ್ತದೆ. ಗಾಳಿ ಜಾಸ್ತಿ ಇರುವ ದಿನ ಇನ್ನೊಂದು ಉಪಾಯ: ಹಗ್ಗಗಳನ್ನೆಲ್ಲ ಒಟ್ಟಿಗೆ ಹಿಡಿದು, ಅರ್ಧ ಉದ್ದದಲ್ಲಿ ಟೇಪ್ ಸುತ್ತಿಬಿಡಿ. ಪ್ಯಾರಾಚೂಟ್ ಪೂರ್ತಿ ಅರಳುವುದಿಲ್ಲ, ರಾಕೆಟ್ ಬೇಗ ಇಳಿಯುತ್ತದೆ.

ಬಟ್ಟೆಗೆ ಮೂರು ದಾರಿ. ಟೇಬಲ್ ಮೇಲೆ ಹಾಸುವ ತೆಳು ಪ್ಲಾಸ್ಟಿಕ್ ಅಗ್ಗ, ಆದರೆ ಪ್ಯಾರಾಚೂಟ್ ಹೊರತಳ್ಳುವ ಮದ್ದಿನ ಬಿಸಿಗೆ ಕರಗಿ ಅಂಟಿಕೊಳ್ಳುತ್ತದೆ, ಚಳಿಯ ಬೆಳಿಗ್ಗೆ ಮಡಿಕೆ ಬಿಚ್ಚುವುದೂ ಇಲ್ಲ. ರಿಪ್‌ಸ್ಟಾಪ್ ನೈಲಾನ್ ಎಲ್ಲಕ್ಕಿಂತ ಒಳ್ಳೆಯದು, ಹಗುರ, ಹರಿಯುವುದಿಲ್ಲ, ಆದರೆ ತರಿಸಿಕೊಳ್ಳಬೇಕು. ಮೂರನೆಯದು ಕೊಡೆ ಬಟ್ಟೆ. ಕೊಡಗಿನ ಯಾವ ಮನೆಯಲ್ಲಿ ಮುರಿದ ಕೊಡೆ ಇಲ್ಲ ಹೇಳಿ? ಕಡ್ಡಿ ಬಿಚ್ಚಿ ತೆಗೆದರೆ ಎಂಟು ತುಂಡು ಹೊಲಿದು ಗುಮ್ಮಟದ ಆಕಾರಕ್ಕೆ ಬಂದ ಬಟ್ಟೆ ಸಿದ್ಧವಾಗಿ ಸಿಗುತ್ತದೆ. ಕಡ್ಡಿ ಸಿಕ್ಕಿಸುವ ಎಂಟು ತುದಿಗೂ ಹಗ್ಗ ಕಟ್ಟಿದರೆ ಮುಗಿಯಿತು. ತೂಕ ಸ್ವಲ್ಪ ಜಾಸ್ತಿ, ಮಡಚಿದಾಗ ದಪ್ಪ. ಅಗಲವಾದ ಕೊಳವೆಯಲ್ಲಿ ಮಾತ್ರ ಹಿಡಿಸುತ್ತದೆ. ಸಣ್ಣ ಮಕ್ಕಳ ಕೊಡೆ ಸಿಕ್ಕಿದರೆ ಅಳತೆಯೂ ಸರಿ, ಬಣ್ಣವೂ ಸರಿ. ನನ್ನ ಮತ ಅದಕ್ಕೇ.

ಬಣ್ಣದ ಬಗ್ಗೆ ಹೇಳಲೇಬೇಕು. ಕೆಂಪು ಎದ್ದು ಕಾಣುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಜನವರಿಯಲ್ಲಿ ಗಿಡದ ತುಂಬ ಕೆಂಪು ಕಾಫಿ ಹಣ್ಣು ಇರುತ್ತದೆ, ಹಾಲುವಾಣದ ಹೂವೂ ಕೆಂಪು. ಹೊಳೆಯುವ ಗುಲಾಬಿ ಬಣ್ಣ ತೋಟದಲ್ಲಿ ಬೇರೆ ಯಾವುದಕ್ಕೂ ಇರುವುದಿಲ್ಲ. ಕೊಳವೆಗೂ ಅದೇ ಬಣ್ಣ ಹೊಡೆಯಿರಿ.

ಪ್ಯಾರಾಚೂಟ್ ಕೆಳಗೆ, ಮೋಟಾರ್ ಕಡೆಗೆ, ಬೆಂಕಿ ಹಿಡಿಯದ ಹತ್ತಿಯನ್ನೋ ನೊಮೆಕ್ಸ್ ಬಟ್ಟೆಯನ್ನೋ ಇಡಬೇಕು. ಪೇಪರ್, ಮಾಮೂಲಿ ಹತ್ತಿ ಹಾಕಬಾರದು. ಅವು ಹೊಗೆಯಾಡುತ್ತಾ ಒಣ ಹುಲ್ಲಿನ ಮೇಲೆ ಬೀಳುತ್ತವೆ.

ದಪ್ಪ ರಾಕೆಟ್, ತೆಳ್ಳನೆ ರಾಕೆಟ್

ಒಂದೇ ಎಫ್ ಮೋಟಾರ್, 50 ನ್ಯೂಟನ್-ಸೆಕೆಂಡ್‌ದು, ಎರಡು ರಾಕೆಟ್‌ಗೆ ಹಾಕಿ ಲೆಕ್ಕ ಮಾಡಿ ನೋಡೋಣ. ಒಂದು 41 ಮಿಲಿಮೀಟರ್ ದಪ್ಪ, ಮೋಟಾರ್ ಸೇರಿ 300 ಗ್ರಾಂ. ಇನ್ನೊಂದು 66 ಮಿಲಿಮೀಟರ್ ದಪ್ಪ, 600 ಗ್ರಾಂ. ಮೊದಲನೆಯದು ಸುಮಾರು 500 ಮೀಟರ್ ಹೋಗುತ್ತದೆ. ಎರಡನೆಯದು ಸುಮಾರು 200 ಮೀಟರ್.

ಬೇರೆ ಕಡೆ ಇದನ್ನು ನೋಡಿದವರು ತೆಳ್ಳನೆಯದನ್ನೇ ಆರಿಸುತ್ತಾರೆ. ನಾನು ಕೊಡಗಿಗೆ ದಪ್ಪದ್ದೇ ಆರಿಸುತ್ತೇನೆ. ಅದು ನಿಧಾನವಾಗಿ ಏಳುತ್ತದೆ, ಮೇಲೆ ಹೋದ ಮೇಲೂ ಕಣ್ಣಿಗೆ ಕಾಣುತ್ತದೆ, ಪ್ಯಾರಾಚೂಟ್ ಬಿಚ್ಚಿದ್ದು ಕೆಳಗಿನಿಂದಲೇ ಗೊತ್ತಾಗುತ್ತದೆ, ಇಳಿಯುವುದು ಅದೇ ಗದ್ದೆಯಲ್ಲಿ. ಒಳಗೆ ಕೊಡೆ ಬಟ್ಟೆಗೂ ಜಾಗ, ಸದ್ದು ಮಾಡುವ ಸಣ್ಣ ಬಜರ್‌ಗೂ ಜಾಗ. 500 ಮೀಟರ್‌ಗೆ ಹೋದ ತೆಳ್ಳನೆ ರಾಕೆಟ್ ನೀಲಿ ಆಕಾಶದಲ್ಲಿ ಮಾಯವಾಗುತ್ತದೆ. ಮಾಡಿದವರೇ ಅದನ್ನು ನೋಡಲಾಗುವುದಿಲ್ಲ.

ಕೊಳವೆ: ಪಿವಿಸಿ ಬೇಡ, ಕಬ್ಬಿಣ ಬೇಡವೇ ಬೇಡ

ಪಂಪಿನ ಪೈಪು ಮನೆಯಲ್ಲೇ ಬಿದ್ದಿರುತ್ತದೆ ಅಂತ ಪಿವಿಸಿಗೆ ಕೈ ಹಾಕುವವರು ಬಹಳ. ಅದು ಭಾರ. ಅದಕ್ಕಿಂತ ಮುಖ್ಯ, ಒಡೆದರೆ ಚೂಪು ಚೂರುಗಳಾಗಿ ಸಿಡಿಯುತ್ತದೆ. ಲೋಹದ ಮಾತಂತೂ ಬೇಡ. ಹೈದರ್, ಟಿಪ್ಪು ಕಾಲದ ಮೈಸೂರು ರಾಕೆಟ್‌ಗಳ ಹೆಚ್ಚುಗಾರಿಕೆಯೇ ಕಬ್ಬಿಣದ ಕೊಳವೆ. 2018ರಲ್ಲಿ ಹೊಸನಗರ ತಾಲ್ಲೂಕಿನ ಬಿದನೂರು ನಗರದ ಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ಅಂಥ ರಾಕೆಟ್‌ಗಳು ಸಿಕ್ಕವು. ಅವು ಆಯುಧಗಳು. ಕಬ್ಬಿಣ ಇದ್ದದ್ದರಿಂದಲೇ ಅವು ಅಷ್ಟು ಬಲವಾದ ಆಯುಧವಾದವು. ನಾವು ಮಾಡುವುದು ಕಾಗದ, ಮರ, ತೆಳು ಪ್ಲಾಸ್ಟಿಕ್‌ನದು. ಏನಾದರೂ ಕೆಟ್ಟರೆ ಹರಿದುಹೋಗಬೇಕು, ಸಿಡಿಯಬಾರದು.

ಹಾಗಾಗಿ ಆಯ್ಕೆ ಇರುವುದು ಎರಡರ ನಡುವೆ. ಬಟ್ಟೆ ಅಂಗಡಿಯಲ್ಲೋ ಫ್ಲೆಕ್ಸ್ ಅಂಗಡಿಯಲ್ಲೋ ಸಿಗುವ ರಟ್ಟಿನ ಕೊಳವೆ, ಇಲ್ಲವೇ ಕೈಯಲ್ಲಿ ಸುತ್ತಿದ ಕೊಳವೆ. ಅಂಗಡಿಯದು ಬಿಟ್ಟಿ ಸಿಗುತ್ತದೆ, ನೆಟ್ಟಗಿರುತ್ತದೆ, ಆದರೆ ರಟ್ಟು ದಪ್ಪ. ಕೊಳವೆಯೇ ಅರ್ಧ ತೂಕ ತಿಂದುಬಿಡುತ್ತದೆ. ಸುತ್ತುವುದು ಕೆಲಸ, ಆದರೆ ಬೇಕಾದ ಅಳತೆ, ಬೇಕಾದ ತೂಕ ನಮ್ಮ ಕೈಯಲ್ಲಿರುತ್ತದೆ. ನಾನು ಸುತ್ತುವ ಪಕ್ಷ.

ಪಿವಿಸಿ ಪೈಪಿಗೆ ಇಲ್ಲಿ ಕೆಲಸ ಇದೆ, ಅಚ್ಚಾಗಿ. 63 ಮಿಲಿಮೀಟರ್ ಪೈಪು ತೆಗೆದುಕೊಂಡು ಅದರ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಒಂದು ಸುತ್ತು ಸುತ್ತಿ, ಅಂಚಿಗೆ ಟೇಪ್ ಹಾಕಿ. ಅದರ ಮೇಲೆ ಕಂದು ಬಣ್ಣದ ಕ್ರಾಫ್ಟ್ ಪೇಪರ್. ಮೊದಲ ಸುತ್ತಿಗೆ ಗೋಂದು ಹಚ್ಚಬಾರದು, ಎರಡನೆಯ ಸುತ್ತಿನಿಂದ ಹಚ್ಚಬೇಕು. ಫೆವಿಕಾಲ್‌ಗೆ ಸ್ವಲ್ಪವೇ ನೀರು ಬೆರೆಸಿ, ಹಳೆಯ ಎಟಿಎಂ ಕಾರ್ಡಿನಿಂದ ಎಳೆದು ತೆಳುವಾಗಿ ಹರಡಿ. ಎಲ್ಲೂ ಗುಡ್ಡೆ ಇರಬಾರದು. ಐದಾರು ಸುತ್ತು ಆದರೆ ಒಂದು ಮಿಲಿಮೀಟರ್ ದಪ್ಪ ಬರುತ್ತದೆ, ಸಾಕು. ಅರ್ಧ ಗಂಟೆ ಬಿಟ್ಟು, ಇನ್ನೂ ಪೂರ್ತಿ ಒಣಗುವ ಮುಂಚೆ, ಕೊಳವೆಯನ್ನು ತಿರುಗಿಸುತ್ತಾ ಅಚ್ಚಿನಿಂದ ಹೊರಗೆ ಎಳೆಯಿರಿ. ಒಣಗಲು ಬಿಟ್ಟರೆ ಬಿಗಿದುಕೊಂಡು ಬರುವುದೇ ಇಲ್ಲ. ಆಮೇಲೆ ನೆರಳಲ್ಲಿ, ನೆಟ್ಟಗೆ ನೇತುಹಾಕಿ ಎರಡು ದಿನ. ಬೇಗ ಒಣಗಲಿ ಅಂತ ಕಾಫಿ ಕಣದ ಬಿಸಿಲಿಗೆ ಇಟ್ಟರೆ ಒಂದು ಬದಿ ಎಳೆದುಕೊಂಡು ಬಾಗುತ್ತದೆ.

ಒಣಗಿದ ಮೇಲೆ ಒಳಗೂ ಹೊರಗೂ ವಾರ್ನಿಷ್. ಹೊರಗೆ ಮಾತ್ರ ಹೊಡೆದು ಬಿಡುವುದು ಇಲ್ಲಿ ಆಗುವುದಿಲ್ಲ. ನಮ್ಮ ಹವೆಯಲ್ಲಿ ಕಾಗದ ತೇವ ಹೀರಿ ಊದಿಕೊಳ್ಳುತ್ತದೆ, ಕೊಳವೆಯ ತುದಿಗೆ ಸಿಕ್ಕಿಸಿದ ಮೂತಿ ಬಿಗಿಯಾಗುತ್ತದೆ. ಮೂತಿ ಬಿಗಿಯಾದರೆ ಪ್ಯಾರಾಚೂಟ್ ಹೊರಗೆ ಬರುವುದಿಲ್ಲ. ಹಾರಿಸುವ ಬೆಳಿಗ್ಗೆ, ಗದ್ದೆಯಲ್ಲೇ ನಿಂತು ಪರೀಕ್ಷೆ ಮಾಡಿ. ರಾಕೆಟನ್ನು ತಲೆಕೆಳಗೆ ಹಿಡಿದಾಗ ಮೂತಿ ತಾನಾಗಿ ಬೀಳಬಾರದು. ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರೆ ಬರಬೇಕು. ಬಿಗಿ ಇದ್ದರೆ ಮರಳುಕಾಗದದಿಂದ ಉಜ್ಜಿ, ಸಡಿಲ ಇದ್ದರೆ ಒಂದು ಸುತ್ತು ಟೇಪ್. ಮನೆಯಲ್ಲಿ ಸರಿಯಿದ್ದದ್ದು ಮಂಜಿನ ಗದ್ದೆಯಲ್ಲಿ ಸರಿ ಇರುವುದಿಲ್ಲ.

ರೆಕ್ಕೆ ಮತ್ತು ಮೂತಿ

ರೆಕ್ಕೆಗೆ ಬಾಲ್ಸಾ ಮರವೋ ಪ್ಲೈವುಡ್ಡೋ? ಬಾಲ್ಸಾ ತುಂಬಾ ಹಗುರ. ಅದೇ ಅಳತೆಯ ಪ್ಲೈವುಡ್ ನಾಲ್ಕು ಪಟ್ಟು ಭಾರ. ಹಿಂದೆ ಭಾರ ಬಿದ್ದರೆ ಮುಂದೆಯೂ ಭಾರ ಸೇರಿಸಬೇಕು, ಅದೊಂದು ತೊಡಕು. ಆದರೂ ನಾನು 3 ಮಿಲಿಮೀಟರ್ ಪ್ಲೈವುಡ್ಡನ್ನೇ ಹೇಳುತ್ತೇನೆ. ಗದ್ದೆ ಮೆತ್ತಗಿದ್ದರೂ ಬದು ಮೆತ್ತಗಿಲ್ಲ. ಬದುವಿನ ಮೇಲೆ ಬಾಲ್ಸಾ ರೆಕ್ಕೆ ತಗುಲಿದರೆ ಎರಡು ತುಂಡು. ನಾವು ಬೇಕು ಅಂತಲೇ ಎತ್ತರ ಕಡಿಮೆ ಇಟ್ಟುಕೊಂಡಿರುವುದರಿಂದ ಸ್ವಲ್ಪ ಭಾರ ನಷ್ಟವಲ್ಲ. ಬಾಲ್ಸಾ ಬಳಸಲೇಬೇಕು ಅಂದರೆ ಮರದ ಎಳೆ ಕೊಳವೆಯಿಂದ ಹೊರಗಡೆಗೆ, ರೆಕ್ಕೆಯ ಮುಂಚಿನ ಅಂಚಿಗೆ ಸಮನಾಗಿ ಹೋಗುವಂತೆ ಕತ್ತರಿಸಿ.

ಆಕಾರದಲ್ಲಿ, ಹಿಂದಕ್ಕೆ ಚೂಪಾಗಿ ಚಾಚಿದ ರೆಕ್ಕೆ ನೋಡಲು ಚೆಂದ, ಇಳಿಯುವಾಗ ಮೊದಲು ನೆಲ ಮುಟ್ಟುವುದೂ ಅದೇ. ಕೊಳವೆಯ ತುದಿಗಿಂತ ರೆಕ್ಕೆ ಸ್ವಲ್ಪ ಮೇಲೆಯೇ ಮುಗಿಯುವಂತೆ ಮಾಡಿ. ಕೊಳವೆಗೆ ಸೀಳು ಕೊಟ್ಟು, ರೆಕ್ಕೆಯ ಬುಡ ಒಳಗಿನ ಮೋಟಾರ್ ಕೊಳವೆಗೆ ತಾಗುವಂತೆ ಕೂರಿಸಿ ಅರಾಲ್ಡೈಟ್ ಹಾಕಿದರೆ ಅದು ಅಲ್ಲಾಡುವುದಿಲ್ಲ. ಮೂರು ರೆಕ್ಕೆ ಸಾಕು. ಮೋಟಾರ್ ಕೊಳವೆ 29 ಮಿಲಿಮೀಟರ್‌ದು ಇಡಿ. 24 ಮಿಲಿಮೀಟರ್ ಮೋಟಾರನ್ನು ಅಡಾಪ್ಟರ್ ಹಾಕಿ ಅದರಲ್ಲೇ ಕೂರಿಸಬಹುದು, ಹಾಗಾಗಿ ಒಂದೇ ರಾಕೆಟ್ ಚಿಕ್ಕ ಗದ್ದೆಗೂ ದೊಡ್ಡ ಬಯಲಿಗೂ ಆಗುತ್ತದೆ.

ಮೂತಿ ಚೂಪಾಗಿರಬೇಕಾಗಿಲ್ಲ. ನಮ್ಮ ರಾಕೆಟ್ ಸೆಕೆಂಡಿಗೆ 70 ಮೀಟರ್ ಆಸುಪಾಸು ಹೋಗುವುದು. ಶಬ್ದದ ವೇಗದ ಹತ್ತಿರಕ್ಕೂ ಹೋಗದ ರಾಕೆಟ್‌ಗೆ ದುಂಡನೆ ಮೂತಿಯೇ ಒಳ್ಳೆಯದು. ಥರ್ಮಾಕೋಲ್ ಕೊರೆದು ಮೇಲೆ ಪೇಪರ್, ಫೆವಿಕಾಲ್ ಅಂಟಿಸಿದರೂ ನಡೆಯುತ್ತದೆ. ಥ್ರೀಡಿ ಪ್ರಿಂಟ್ ಮಾಡಿಸಿದ ಪಿಎಲ್‌ಎ ಪ್ಲಾಸ್ಟಿಕ್ ಮೂತಿ ನೀಟಾಗಿರುತ್ತದೆ, ಆದರೆ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟರೆ ಮೆತ್ತಗಾಗಿ ಆಕಾರ ಕೆಡುತ್ತದೆ. ಮುಂದಿನ ಭಾರಕ್ಕೆ ಎಂ-ಸೀಲ್ ಉಂಡೆಯನ್ನು ಮೂತಿಯೊಳಗೆ ಒತ್ತಿ ಕೂರಿಸಿ.

ಎಷ್ಟು ಭಾರ ಅನ್ನುವುದು ಊಹೆಯ ಮಾತಲ್ಲ. ರಾಕೆಟ್‌ನ ತೂಕದ ನಡುಬಿಂದು, ಗಾಳಿಯ ಒತ್ತಡದ ನಡುಬಿಂದುವಿಗಿಂತ ಮುಂದೆ ಇರಬೇಕು. ಎಷ್ಟು ಮುಂದೆ? ಕೊಳವೆಯ ದಪ್ಪದ ಒಂದರಿಂದ ಎರಡು ಪಟ್ಟು. 66 ಮಿಲಿಮೀಟರ್ ರಾಕೆಟ್‌ಗೆ ಸುಮಾರು 65ರಿಂದ 130 ಮಿಲಿಮೀಟರ್. ಒಂದಕ್ಕಿಂತ ಕಡಿಮೆ ಆದರೆ ರಾಕೆಟ್ ಗಿರಕಿ ಹೊಡೆಯಬಹುದು. ಎರಡನ್ನು ಬಹಳ ಮೀರಿದರೆ ಗಾಳಿ ಬರುವ ಕಡೆಗೇ ತಲೆ ತಿರುಗಿಸಿಕೊಂಡು ಓಡುತ್ತದೆ. ಗುಡ್ಡದ ಸಂದಿನಲ್ಲಿ ಗಾಳಿಯ ದಿಕ್ಕು ಮಾರಿಗೊಮ್ಮೆ ಬದಲಾಗುವ ನಮ್ಮ ಊರಲ್ಲಿ ಇದು ಸಣ್ಣ ವಿಷಯ ಅಲ್ಲ. ಓಪನ್‌ರಾಕೆಟ್ ಅನ್ನುವ ತಂತ್ರಾಂಶ ಈ ಲೆಕ್ಕವನ್ನೆಲ್ಲ ಉಚಿತವಾಗಿ ಮಾಡಿಕೊಡುತ್ತದೆ. ಫಿನ್‌ಲೆಂಡಿನ ವಿದ್ಯಾರ್ಥಿಯೊಬ್ಬರು 2009ರಲ್ಲಿ ತಮ್ಮ ಸ್ನಾತಕೋತ್ತರ ಪ್ರಬಂಧಕ್ಕಾಗಿ ಬರೆದದ್ದು ಅದು. ಪೇಪರ್ ಕತ್ತರಿಸುವ ಮುಂಚೆಯೇ ಅದರಲ್ಲಿ ರಾಕೆಟ್ ಬರೆದು ನೋಡಿ, ತೂಕಗಳನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಹಾಕಿ.

ಮೋಟಾರ್: ಇಲ್ಲಿ ಮನೆಯ ಕೈಕೆಲಸ ನಿಲ್ಲಬೇಕು

ರಾಕೆಟ್ ಮನೆಯಲ್ಲಿ ಮಾಡಿ. ಮೋಟಾರ್ ಮಾಡಬೇಡಿ. ಇದರಲ್ಲಿ ನನಗೆ ಎರಡು ಮಾತಿಲ್ಲ. 1884ರ ಸ್ಫೋಟಕ ಕಾಯ್ದೆ ಮತ್ತು 2008ರ ಸ್ಫೋಟಕ ನಿಯಮಗಳ ಪ್ರಕಾರ ಇಂಥ ಮದ್ದು ತಯಾರಿಸಲು ಪರವಾನಗಿ ಬೇಕು. ಅದನ್ನು ನೋಡಿಕೊಳ್ಳುವುದು ನಾಗಪುರದಲ್ಲಿ ಮುಖ್ಯ ಕಚೇರಿ ಇರುವ, ಕೇಂದ್ರ ಸರ್ಕಾರದ ಪೆಸೊ ಸಂಸ್ಥೆ. ಕಾನೂನು ಪಕ್ಕಕ್ಕಿಟ್ಟರೂ, ಬೆರಳು ಕಣ್ಣು ಕಳೆದುಕೊಳ್ಳುವುದು ರಾಕೆಟ್ ಹಾರಿಸುವಾಗ ಅಲ್ಲ, ಮದ್ದು ಅರೆಯುವಾಗ, ತುಂಬುವಾಗ.

ಕೊಡಗಿಗೆ ಇನ್ನೊಂದು ಮಾತು ಸೇರಿಸಬೇಕು. ಇಲ್ಲಿ ಮನೆ ಮನೆಯಲ್ಲಿ ಕೋವಿ ಇದೆ, ಅದಕ್ಕೆ ಹಾಕುವ ತೋಟಾ ಇದೆ. ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಪೂಜೆ ಮಾಡುತ್ತೇವೆ. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ಇರುವ ವಿನಾಯಿತಿ ಕೋವಿಗೆ ಮಾತ್ರ, ಅದು ರಾಕೆಟ್‌ಗೆ ಬರುವುದಿಲ್ಲ. ತೋಟಾದ ಮದ್ದು ಕಣ್ಣು ಮಿಟುಕಿಸುವುದರೊಳಗೆ ಉರಿದು ಮುಗಿಯುವಂಥದ್ದು. ರಾಕೆಟ್‌ಗೆ ಬೇಕಾದದ್ದು ಒಂದೆರಡು ಸೆಕೆಂಡ್ ಸಮನಾಗಿ ಉರಿಯುವಂಥದ್ದು. ತೋಟಾದ್ದನ್ನು ಕೊಳವೆಗೆ ತುಂಬಿದರೆ ಅದು ರಾಕೆಟ್ ಆಗುವುದಿಲ್ಲ, ಬಾಂಬ್ ಆಗುತ್ತದೆ. ದೀಪಾವಳಿ ಪಟಾಕಿ ಬಿಚ್ಚಿ ತೆಗೆದ ಮದ್ದಿಗೂ ಇದೇ ಮಾತು. ಮನೆಯಲ್ಲಿ ಹುಡುಗರಿದ್ದರೆ ಇದನ್ನು ಬಾಯಿಬಿಟ್ಟು ಹೇಳಿ.

ಹೊರದೇಶದಿಂದ ಅಂಚೆಯಲ್ಲಿ ತರಿಸುವುದೂ ಆಗುವುದಿಲ್ಲ, ಅಂಚೆಯಲ್ಲಿ ಸ್ಫೋಟಕ ಕಳಿಸುವುದು ನಿಷಿದ್ಧ. ಹಾಗಾದರೆ ದಾರಿ? ಪರವಾನಗಿ ಇರುವ ಮಾರಾಟಗಾರರ ಮೂಲಕ, ಅನುಮತಿ ಪಡೆದ ಕಾಲೇಜು ತಂಡದ ಜೊತೆ ಸೇರಿ ಹಾರಿಸುವುದು. ಖಾಸಗಿ ಬಾಹ್ಯಾಕಾಶ ಕೆಲಸಗಳನ್ನು ನೋಡಿಕೊಳ್ಳುವ ಕೇಂದ್ರದ ಇನ್‌ಸ್ಪೇಸ್ ಸಂಸ್ಥೆ ವಿದ್ಯಾರ್ಥಿಗಳಿಗೆ ಮಾಡೆಲ್ ರಾಕೆಟ್ ಸ್ಪರ್ಧೆ ನಡೆಸಿದ ಮೇಲೆ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಆಸಕ್ತಿ ಹೆಚ್ಚಾಗಿದೆ. ಪೊನ್ನಂಪೇಟೆ, ಕುಶಾಲನಗರ ಎರಡೂ ಕಡೆ ಎಂಜಿನಿಯರಿಂಗ್ ಕಾಲೇಜು ಇದೆ. ನಿಮ್ಮ ರಾಕೆಟ್ ಸಿದ್ಧ ಮಾಡಿಕೊಂಡು, ಓಪನ್‌ರಾಕೆಟ್ ಲೆಕ್ಕ ಕೈಯಲ್ಲಿ ಹಿಡಿದು, ಮೊದಲು ಅಲ್ಲಿನ ಅಧ್ಯಾಪಕರನ್ನು ಕಾಣಿ. ಹಾರಿಸುವ ಮುಂಚೆ ಪೊಲೀಸ್ ಠಾಣೆಗೂ ಪಂಚಾಯಿತಿಗೂ ಬರವಣಿಗೆಯಲ್ಲಿ ತಿಳಿಸಿ. ವಿರಾಜಪೇಟೆ ಕಡೆಯವರಿಗೆ ಕಣ್ಣೂರು ವಿಮಾನ ನಿಲ್ದಾಣ ದೂರವಿಲ್ಲ, 2018ರ ಕೊನೆಯಿಂದ ಅಲ್ಲಿ ವಿಮಾನಗಳು ಓಡಾಡುತ್ತಿವೆ. ಆಕಾಶದ ಅನುಮತಿಯನ್ನೂ ತಂಡದ ಮೂಲಕವೇ ಕೇಳಬೇಕು.

ಇನ್ನು ಮೋಟಾರ್ ಆಯ್ಕೆ. ಅಕ್ಷರದ ಪಕ್ಕದ ಸಂಖ್ಯೆ ಸರಾಸರಿ ನೂಕುಬಲ, ನ್ಯೂಟನ್‌ಗಳಲ್ಲಿ. ಅದರ ಮುಂದಿನದು, ಇಂಧನ ಮುಗಿದ ಮೇಲೆ ಪ್ಯಾರಾಚೂಟ್ ಹೊರಬರಲು ಎಷ್ಟು ಸೆಕೆಂಡ್ ಅನ್ನುವುದು. ಎಫ್15-6 ಅಂದರೆ 15 ನ್ಯೂಟನ್, 6 ಸೆಕೆಂಡ್. ಜನ ಅಕ್ಷರ ನೋಡುತ್ತಾರೆ, ಸಂಖ್ಯೆ ನೋಡುವುದಿಲ್ಲ. ಸಂಖ್ಯೆಯೇ ಮುಖ್ಯ. ನೂಕುಬಲ ರಾಕೆಟ್‌ನ ತೂಕದ ಐದು ಪಟ್ಟಾದರೂ ಇರಬೇಕು. ಸುಲಭ ಲೆಕ್ಕ: ಆ ಸಂಖ್ಯೆಯನ್ನು 20ರಿಂದ ಗುಣಿಸಿ, ಬಂದಷ್ಟು ಗ್ರಾಂ ಮಾತ್ರ ಅದು ಎತ್ತಬಲ್ಲದು. ಇ12 ಆದರೆ 240 ಗ್ರಾಂ. ಎಫ್15 ಆದರೆ 300 ಗ್ರಾಂ. ಎಫ್40 ಆದರೆ 800 ಗ್ರಾಂ.

ನಮ್ಮ 600 ಗ್ರಾಂ ರಾಕೆಟ್‌ಗೆ ಎಫ್15 ಹಾಕಿದರೆ ಏನಾಗುತ್ತದೆ? ನೆಟ್ಟಗೆ ಏಳಲು ದಾರಿ ತೋರುವ ಒಂದೂವರೆ ಮೀಟರ್ ರಾಡ್ ಬಿಡುವ ಹೊತ್ತಿಗೆ ಅದರ ವೇಗ, ಸರಾಸರಿ ನೂಕುಬಲದ ಲೆಕ್ಕದಲ್ಲಿ, ಸೆಕೆಂಡಿಗೆ 7 ಮೀಟರ್ ಕೂಡ ಇರುವುದಿಲ್ಲ. ರೆಕ್ಕೆ ಕೆಲಸ ಮಾಡಲು ಆ ವೇಗ ಸಾಲದು, ಸಣ್ಣ ಗಾಳಿಗೂ ರಾಕೆಟ್ ಮಲಗಿಬಿಡುತ್ತದೆ. ಎಫ್40 ಹಾಕಿದರೆ ಅದೇ ರಾಡಿನ ತುದಿಯಲ್ಲಿ ಸೆಕೆಂಡಿಗೆ 13 ಮೀಟರ್. ಅಕ್ಷರ ಒಂದೇ. ಆದರೆ ಒಂದು ಅಪಾಯ, ಇನ್ನೊಂದು ಸರಿ. ಭಾರದ ರಾಕೆಟ್‌ಗೆ ದೊಡ್ಡ ಸಂಖ್ಯೆ, ಹಗುರ ರಾಕೆಟ್‌ಗೆ ಸಣ್ಣ ಸಂಖ್ಯೆ. ಕಾಯುವ ಸಮಯ ನಮ್ಮ ರಾಕೆಟ್‌ಗೆ 5 ಸೆಕೆಂಡ್ ಆಸುಪಾಸು ಸರಿಹೋಗುತ್ತದೆ. ಜಾಸ್ತಿ ಇಟ್ಟರೆ ರಾಕೆಟ್ ಕೆಳಮುಖವಾಗಿ ವೇಗ ಹಿಡಿದ ಮೇಲೆ ಪ್ಯಾರಾಚೂಟ್ ಬಿಚ್ಚಿ ಹರಿಯುತ್ತದೆ.

ಕರಿಮದ್ದಿನ ಮೋಟಾರ್ ಬೇಗ ಹೊತ್ತಿಕೊಳ್ಳುತ್ತದೆ, ಆದರೆ ಬಿಸಿ ತಣುಪು ಏರಿಳಿದರೆ, ಕೆಳಗೆ ಬಿದ್ದರೆ ಒಳಗಿನ ಮದ್ದು ಬಿರುಕು ಬಿಟ್ಟು ಉರಿಯುವಾಗ ಒಡೆಯಬಹುದು. ರಬ್ಬರಿನಂಥ ಗಟ್ಟಿ ಇಂಧನದ ಕಾಂಪೋಸಿಟ್ ಮೋಟಾರ್ ಅಷ್ಟೇ ತೂಕಕ್ಕೆ ಎರಡು ಪಟ್ಟಿಗೂ ಜಾಸ್ತಿ ಶಕ್ತಿ ಕೊಡುತ್ತದೆ, ಹೊತ್ತಿಸಲು ಬಲವಾದ ಇಗ್ನೈಟರ್ ಬೇಕು. ಎಫ್, ಜಿ ಹಾರಿಸುವವರಿಗೆ ಕಾಂಪೋಸಿಟ್ ಸೂಕ್ತ. ಜಿ ಬಗ್ಗೆ ಹೇಳುವುದಾದರೆ, ಕೊಡಗಿನೊಳಗೆ ಅದಕ್ಕೆ ತಕ್ಕ ಜಾಗ ನನ್ನ ಕಣ್ಣಿಗೆ ಬಿದ್ದಿಲ್ಲ.

ಅನುಮತಿ, ತಂಡ ಸಿಗುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ, ನೀರಿನ ರಾಕೆಟ್ ಇದೆ. 2 ಲೀಟರ್ ತಂಪುಪಾನೀಯದ ಬಾಟಲಿಗೆ 600 ಮಿಲಿಲೀಟರ್ ನೀರು, ಸೈಕಲ್ ಪಂಪಿನಿಂದ 5 ಬಾರ್ ಗಾಳಿ. ಲೆಕ್ಕ ಹಾಕಿದರೆ ಸುಮಾರು 15 ನ್ಯೂಟನ್-ಸೆಕೆಂಡ್ ಬರುತ್ತದೆ, ಡಿ ಮೋಟಾರ್‌ಗೆ ಸಮ. ಬೆಂಕಿ ಇಲ್ಲ, ಪರವಾನಗಿ ಬೇಡ. ಮಾಮೂಲಿ ನೀರಿನ ಬಾಟಲಿ ಬೇಡ, ಗ್ಯಾಸ್ ತುಂಬಿದ ಪಾನೀಯದ ಬಾಟಲಿಯೇ ಆಗಬೇಕು, ಅದು ಒತ್ತಡ ತಡೆಯುತ್ತದೆ. ಗೀರು ಬಿದ್ದ ಬಾಟಲಿ ಎಸೆಯಿರಿ, ಗಾಳಿ ತುಂಬುವಾಗ ದೂರ ನಿಲ್ಲಿ. ರೆಕ್ಕೆ, ಮೂತಿ, ತೂಕದ ನಡುಬಿಂದು ಇವನ್ನೆಲ್ಲ ಕಲಿಯಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ರಾಡ್, ರೈಲ್ ಮತ್ತು ಹುಡುಕಾಟ

ಅರ್ಧ ಕಿಲೋ ಒಳಗಿನ ರಾಕೆಟ್‌ಗೆ 6 ಮಿಲಿಮೀಟರ್ ಉಕ್ಕಿನ ರಾಡ್ ಸಾಕು, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಅದಕ್ಕಿಂತ ಭಾರ ಆದರೆ ರಾಡ್ ಬಳುಕುತ್ತದೆ, ರಾಕೆಟ್ ಓರೆಯಾಗಿ ಹೊರಡುತ್ತದೆ. ಆಗ 8 ಮಿಲಿಮೀಟರ್ ರಾಡ್ ಅಥವಾ ಉದ್ದಕ್ಕೂ ಸೀಳು ಇರುವ ಅಲ್ಯೂಮಿನಿಯಂ ರೈಲ್. ನಮ್ಮ 600 ಗ್ರಾಂ ರಾಕೆಟ್‌ಗೆ ನಾನು ರೈಲ್ ಆರಿಸುತ್ತೇನೆ. ಲಂಬದಿಂದ 30 ಡಿಗ್ರಿಗಿಂತ ಓರೆ ಮಾಡಬಾರದು. ಬುಡದಲ್ಲಿ ತಗಡು, ಸುತ್ತ ಹುಲ್ಲು ಕೆರೆದ ನೆಲ, ಪಕ್ಕದಲ್ಲಿ ಎರಡು ಕೊಡ ನೀರು, ಒದ್ದೆ ಗೋಣಿಚೀಲ.

ಹೊತ್ತಿಸುವುದು ವಿದ್ಯುತ್ತಿನಿಂದ ಮಾತ್ರ. ಪಟಾಕಿಯ ಬತ್ತಿ ಬೇಡ. ಬೈಕಿನ 12 ವೋಲ್ಟ್ ಬ್ಯಾಟರಿ, ತೆಗೆದು ಜೇಬಿಗೆ ಹಾಕಿಕೊಳ್ಳಬಹುದಾದ ಕೀ, ಒತ್ತಿ ಹಿಡಿದರಷ್ಟೇ ಕೆಲಸ ಮಾಡುವ ಗುಂಡಿ. ಕನಿಷ್ಠ 9 ಮೀಟರ್ ದೂರ ಅನ್ನುತ್ತದೆ ನಿಯಮ, ನೀವು 15 ಮೀಟರ್ ನಿಲ್ಲಿ. ಹೊತ್ತಿಕೊಳ್ಳಲಿಲ್ಲ ಅಂದರೆ ಕೀ ತೆಗೆದು, ಒಂದು ನಿಮಿಷ ಕಾದು, ಆಮೇಲೆ ಹತ್ತಿರ ಹೋಗಬೇಕು.

ತೋಟದೊಳಗೆ ಹೋದರೆ ಮೊದಲು ತೋಟದವರನ್ನು ಕೇಳಿ. ಇಳಿದ ದಿಕ್ಕನ್ನು ಇಬ್ಬರು ಬೇರೆ ಬೇರೆ ಕಡೆ ನಿಂತು ಗುರುತಿಸಿಕೊಂಡರೆ ಎರಡು ಗೆರೆ ಸೇರುವಲ್ಲಿ ರಾಕೆಟ್ ಇರುತ್ತದೆ. ಮೂತಿ ಬಿಚ್ಚಿಕೊಂಡಾಗ ಕೂಗುವ ಬಜರ್ ಇಟ್ಟಿದ್ದರೆ ಇನ್ನೂ ಬೇಗ. ಮೆಣಸಿನ ಬಳ್ಳಿ ಹಬ್ಬಿದ ಮರಕ್ಕೆ ಹತ್ತಬೇಡಿ, ಬಳ್ಳಿ ಹರಿದರೆ ಆ ವರ್ಷದ ಫಸಲು ಹೋಯಿತು. ಮೆಣಸು ಕೊಯ್ಯುವವರು ಏಣಿ ತಂದಾಗ ತೆಗೆದುಕೊಡುತ್ತಾರೆ. ವಿದ್ಯುತ್ ತಂತಿಗೆ ಸಿಕ್ಕಿಕೊಂಡರೆ ಬಿಟ್ಟುಬಿಡಿ, ಲೈನ್‌ಮ್ಯಾನ್‌ಗೆ ಹೇಳಿ. ಆನೆ ಓಡಾಡುವ ತೋಟವಾದರೆ ಬೆಳಕಿರುವಾಗ, ತೋಟದ ಕೆಲಸದವರ ಜೊತೆ ಮಾತ್ರ. ರಾಕೆಟ್ ಸಿಕ್ಕಿದಾಗ ಮೂತಿ ಬಿಚ್ಚಿಕೊಂಡಿದೆಯಾ ಅಂತ ದೂರದಿಂದ ನೋಡಿ. ಬಿಚ್ಚಿಲ್ಲ ಅಂದರೆ ಹೊರತಳ್ಳುವ ಮದ್ದು ಒಳಗೇ ಇರಬಹುದು. ಮುಟ್ಟದೆ ದೂರ ನಿಂತು, ಮೋಟಾರ್ ತಂದ ತಂಡದವರನ್ನು ಕರೆಯಿರಿ.